ಅಸಾಕುಸಾದ ಕಾಂಕ್ರೀಟು, ರಾಯಚೂರಿನ ಕಲ್ಲು

ಕಂಪನಿ ಕೆಲಸದ ಮೇಲೆ ಟೋಕಿಯೋಗೆ ಹೋದವರಿಗೆ ಒಂದು ಭಾನುವಾರ ಖಾಲಿ ಸಿಗುತ್ತದೆ. ಆ ಭಾನುವಾರ ಹೆಚ್ಚು ಕಮ್ಮಿ ಎಲ್ಲರನ್ನೂ ಅಸಾಕುಸಾಗೇ ಕರಕೊಂಡು ಹೋಗ್ತಾರೆ. ನನ್ನನ್ನೂ ಕರಕೊಂಡು ಹೋದರು. ದೊಡ್ಡ ಕೆಂಪು ಲಾಟೀನು ತೂಗುವ ಕಾಮಿನಾರಿಮೊನ್, ಅಂದ್ರೆ ಗುಡುಗಿನ ಬಾಗಿಲು. ಅದನ್ನು ದಾಟಿದರೆ ಸುಮಾರು 250 ಮೀಟರ್ ಉದ್ದಕ್ಕೂ ಅಂಗಡಿಗಳು. ಬೀದಿ ಮುಗಿದಲ್ಲಿ ಸೆನ್ಸೋ-ಜಿ ದೇವಸ್ಥಾನ. ಮುಂದಿನ ದೊಡ್ಡ ಧೂಪದ ಪಾತ್ರೆಯಿಂದ ಏಳುವ ಹೊಗೆಯನ್ನು ಜನ ಕೈಯಲ್ಲಿ ಎಳೆದು ತಲೆಗೆ, ಮಂಡಿಗೆ ಸವರಿಕೊಳ್ತಿದ್ದರು. ಮಂಗಳಾರತಿ ತಗೊಂಡು ಕಣ್ಣಿಗೆ ಒತ್ತಿಕೊಳ್ಳುವ ನಮ್ಮಜ್ಜಿ ಇಲ್ಲಿದ್ದಿದ್ದರೆ ಯಾರನ್ನೂ ಕೇಳದೆ ಇದನ್ನೇ ಮಾಡುತ್ತಿದ್ದಳು.

ಸ್ಥಳಪುರಾಣದ ಪ್ರಕಾರ ಕ್ರಿ.ಶ. 628ರಲ್ಲಿ ಸುಮಿದಾ ನದಿಯಲ್ಲಿ ಮೀನು ಹಿಡಿಯುತ್ತಿದ್ದ ಅಣ್ಣತಮ್ಮಂದಿರ ಬಲೆಗೆ ಕಾನ್ನೊನ್ ವಿಗ್ರಹ ಸಿಕ್ಕಿತು. ಕಾನ್ನೊನ್ ಅಂದರೆ ಬೇರೆ ಯಾರೂ ಅಲ್ಲ, ಇಲ್ಲಿಂದ ಚೀನಾ ಮಾರ್ಗವಾಗಿ ಹೋದ ಅವಲೋಕಿತೇಶ್ವರ. ಆ ಹೊತ್ತಿಗೆ ಬಾದಾಮಿಯಲ್ಲಿ ಇಮ್ಮಡಿ ಪುಲಕೇಶಿ ಆಳುತ್ತಿದ್ದ.

ಪುರಾಣ ಹಳೆಯದು, ಸರಿ. ಆದರೆ ಕಟ್ಟಡ? 1945ರ ಮಾರ್ಚ್ 10ರ ಅಮೆರಿಕನ್ ಬಾಂಬ್ ದಾಳಿಯಲ್ಲಿ ಮುಖ್ಯ ದೇವಸ್ಥಾನ ಸುಟ್ಟುಹೋಯಿತು. ಈಗಿರುವುದು 1958ರ ಕಾಂಕ್ರೀಟು. ಗುಡುಗಿನ ಬಾಗಿಲಂತೂ 1865ರಲ್ಲೇ ಸುಟ್ಟಿತ್ತು. ಬಾಗಿಲೇ ಇಲ್ಲದೆ 95 ವರ್ಷ ಕಳೆದ ಮೇಲೆ, 1960ರಲ್ಲಿ, ಪ್ಯಾನಸೋನಿಕ್ ಸಂಸ್ಥಾಪಕ ಮತ್ಸುಶಿತಾ ಕೊನೊಸುಕೆ ಕೊಟ್ಟ ದುಡ್ಡಿನಿಂದ ಮತ್ತೆ ಎದ್ದಿತು. ಲಾಟೀನಿನ ಬುಡದಲ್ಲಿ ಅವರ ಕಂಪನಿಯ ಹೆಸರೂ ಇದೆ. ಪಕ್ಕದ ಅಸಾಕುಸಾ ಜಿಂಜಾ ಮಾತ್ರ 1649ರದ್ದು, ಬೆಂಕಿಗೆ ಸಿಗದೆ ಉಳಿಯಿತು. ಜನ ಜಾಸ್ತಿ ಫೋಟೋ ತೆಗೀತಿದ್ದದ್ದು ಹೊಸದರ ಮುಂದೆ.

ನಾನು ಸ್ವಲ್ಪ ನಕ್ಕೆ ಅನ್ನಿಸುತ್ತೆ. ಜೊತೆಗಿದ್ದ ಸಹೋದ್ಯೋಗಿ ಸಹಜವಾಗಿ ಕೇಳಿದರು: ‘ನಿಮ್ಮ ಊರಲ್ಲಿ ಅತಿ ಹಳೆಯದು ಯಾವುದು?’ ಕೋಟೆ ಅಂದೆ. ಎಷ್ಟು ಹಳೆಯದು? ತುಂಬಾ ಹಳೆಯದು ಅಂದೆ. ಕಟ್ಟಿದ್ದು ಯಾರು? ರಾಜರು. ಅವರು ಸುಮ್ಮನಾದರು. ಹದಿನೆಂಟು ವರ್ಷ ರಾಯಚೂರಲ್ಲಿ ಬೆಳೆದು, ಆ ಕೋಟೆಯ ಮಗ್ಗುಲಲ್ಲೇ ಬಸ್ಸಿಗೆ ಕಾದವನ ಉತ್ತರ ಇದು.

ಮುಂದಿನ ಸಲ ಊರಿಗೆ ಹೋದಾಗ ಆಟೋ ಹತ್ತಿ ‘ಕೋಟೆ ನೋಡಬೇಕು’ ಅಂದೆ. ‘ಅಲ್ಲೇನದ್ರಿ ನೋಡಾಕ?’ ಅಂದರು ಡ್ರೈವರ್ ಅಣ್ಣ. ನನಗೂ ಗೊತ್ತಿರಲಿಲ್ಲ, ಅದಕ್ಕೇ ಹೊರಟಿದ್ದೆ.

ಒಳಕೋಟೆ 1294ರದ್ದು. ಭಾರೀ ಕಲ್ಲುಗಳನ್ನು ಗಾರೆಯೇ ಇಲ್ಲದೆ ಒಂದರ ಮೇಲೊಂದು ಕೂರಿಸಿದ್ದಾರೆ. ಪಶ್ಚಿಮದ ಗೋಡೆಯಲ್ಲಿ ಒಂದು ಕಲ್ಲಿದೆ, ಸುಮಾರು 41 ಅಡಿ ಉದ್ದ, ಇಡಿಯಾಗಿ ಒಂದೇ ತುಂಡು. ಅದರ ಮೇಲೆ ತೆಲುಗು ಶಾಸನ. ಕಾಕತೀಯ ಪ್ರತಾಪರುದ್ರನ ಕಡೆಯ ಗೋನ ವಿಠಲ ಆದವಾನಿ, ತುಂಬಳ, ಮಾನುವ, ಹಾಲುವ ಕೋಟೆಗಳನ್ನು ಗೆದ್ದು, ರಾಯಚೂರಿಗೆ ಬಂದು, ಊರ ಜನರ ರಕ್ಷಣೆಗೆ ಈ ಕೋಟೆ ಕಟ್ಟಿಸಿದ ಅನ್ನುವುದು ಅದರ ಸಾರ. ಮಾನುವ ಅಂದರೆ ನಮ್ಮ ಮಾನ್ವಿ.

ಶಾಸನಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಪಕ್ಕದ ಗೀರುಚಿತ್ರ. ಇದೇ ಕಲ್ಲನ್ನು ಕ್ವಾರಿಯಿಂದ ಹೇಗೆ ತಂದರು ಅಂತ ಕೆತ್ತಿದ್ದಾರೆ: ಗಟ್ಟಿ ಗಾಲಿಯ ಗಾಡಿ, ಅದನ್ನು ಎಳೆಯುವ ದನಗಳ ಉದ್ದನೆಯ ಸಾಲು, ಅವುಗಳನ್ನು ಹುರಿದುಂಬಿಸುವ ಆಳುಗಳು, ಗಾಲಿಗೆ ಹಾರೆ ಕೊಟ್ಟು ಮೀಟುವವರು. ಗೆದ್ದವರು ಗೆದ್ದಿದ್ದನ್ನು ಬರೆಸುವುದು ಮಾಮೂಲು. ಕಲ್ಲು ಸಾಗಿಸಿದ ಒದ್ದಾಟವನ್ನು ಕಲ್ಲಿನ ಮೇಲೇ ಬರೆದಿಟ್ಟಿದ್ದು ನಾನು ಬೇರೆಲ್ಲೂ ನೋಡಿಲ್ಲ. ನಾವು ಪ್ರಾಜೆಕ್ಟ್ ಮುಗಿದ ಮೇಲೆ ಸ್ಲೈಡ್ ಮಾಡ್ತೀವಲ್ಲ, ಅದರಲ್ಲಿ ಹಾರೆ ಹಿಡಿದವರು ಕಾಣುವುದೇ ಇಲ್ಲ.

ಅಲ್ಲಿಂದ ಹಳೇ ಊರಿನೊಳಗೆ ನಡೆದರೆ ಒಂದು ಮಿನಾರ್ ಮಸೀದಿ. ಹೆಸರೇ ಹೇಳುವಂತೆ ಒಂದೇ ಮಿನಾರು, ಎತ್ತರ ಸುಮಾರು 65 ಅಡಿ, ಒಳಗೆ ಸುತ್ತು ಮೆಟ್ಟಿಲು. ಬಹಮನಿ ಮಹಮೂದ್ ಶಾಹನ ಕಾಲದಲ್ಲಿ, 1513ರಲ್ಲಿ, ಅಂಬರ್ ಎಂಬಾತ ಕಟ್ಟಿಸಿದ್ದೆಂದು ಅಲ್ಲಿನ ಪಾರ್ಸಿ ಶಾಸನ ಹೇಳುತ್ತದೆ. ಹೊರಕೋಟೆಯ ನವರಂಗ್ ದರ್ವಾಜಾದಲ್ಲಿ ಪುರಾಣದ ಶಿಲ್ಪಗಳಿವೆ. ತೆಲುಗು, ಪಾರ್ಸಿ, ಪುರಾಣ, ಎಲ್ಲವೂ ನಡೆದೇ ಮುಗಿಸಬಹುದಾದ ದೂರದಲ್ಲಿ.

ಇದನ್ನೆಲ್ಲ ಸೌಹಾರ್ದದ ಚಿತ್ರಪಟ ಮಾಡಿ ತೂಗುಹಾಕುವ ಆಸೆ ನನಗಿಲ್ಲ. ಕೃಷ್ಣಾ-ತುಂಗಭದ್ರೆಯರ ನಡುವಿನ ಈ ದೋಆಬಿಗಾಗಿ ಇನ್ನೂರು ವರ್ಷ ರಕ್ತ ಹರಿದಿದೆ. 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್‌ಶಾಹನನ್ನು ಸೋಲಿಸಿ ಈ ಕೋಟೆ ಹಿಡಿದಾಗ, ಪೋರ್ಚುಗೀಸ್ ಕ್ರಿಸ್ತೊವಾವ್ ದ ಫಿಗೆರೆದೊನ ಬಂದೂಕುಗಾರರು ಗೋಡೆ ಕಾಯುವವರನ್ನು ಗುರಿಯಿಟ್ಟು ಹೊಡೆದರು, ಆ ಮರೆಯಲ್ಲಿ ಕೆಳಗಿನವರು ಗೋಡೆ ಅಗೆದರು. ವಿವರ ನೂನಿಜ್ ಬರೆದಿದ್ದು. ಅಷ್ಟೆಲ್ಲ ಆದರೂ ಗೋಡೆ ನಿಂತಿದೆ.

ಕಲ್ಲಿನ ಗಾಡಿಯ ಫೋಟೋವನ್ನು ಟೋಕಿಯೋದ ಸಹೋದ್ಯೋಗಿಗೆ ಕಳಿಸಿದೆ. 1294, ರಿಪೇರಿ ಅಲ್ಲ, ಅಸಲಿ ಕಲ್ಲು ಅಂತ ಸ್ವಲ್ಪ ಜಂಬದಲ್ಲೇ ಬರೆದೆ. ‘ಅಲ್ಲಿಗೆ ದಿನಾ ಯಾರು ಬರ್ತಾರೆ?’ ಅಂತ ಉತ್ತರ ಬಂತು. ಏನು ಬರೆಯಲಿ ಅಂತ ಬಸ್ ಸ್ಟ್ಯಾಂಡಿನಲ್ಲಿ ಕೂತು ಯೋಚಿಸ್ತಿದ್ದೆ. ಎದುರಿಗೆ ಕಂಡಕ್ಟರ್ ಬಾಗಿಲು ತಟ್ಟಿ ‘ಮಾನ್ವಿ, ಮಾನ್ವಿ, ಮಾನ್ವಿ’ ಅಂತ ಕೂಗ್ತಿದ್ದ.