ಆನ್‌ಲೈನ್ ಬ್ಯಾಂಕಿಂಗ್: ಹೊಸಪೇಟೆ, ಸಂಡೂರು, ಕಂಪ್ಲಿ ಭಾಗದ ರೈತರಿಗೆ ಮಾಹಿತಿ

ಕಂಪ್ಲಿಯ ಭತ್ತ, ಹೊಸಪೇಟೆ–ಹಂಪಿ ಭಾಗದ ಬಾಳೆ ಮತ್ತು ಕಬ್ಬು, ಸಂಡೂರಿನ ಮಳೆಯಾಶ್ರಿತ ಮೆಕ್ಕೆಜೋಳ – ಬೆಳೆ ಯಾವುದೇ ಆಗಿರಲಿ, ಸಹಾಯಧನ ಮತ್ತು ಪರಿಹಾರದ ಮೊತ್ತಗಳು ಇಂದು ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಗುತ್ತವೆ. 1976ರಲ್ಲಿ ಬಳ್ಳಾರಿಯಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕ್ ಆರಂಭವಾದಾಗ ಎಲ್ಲ ವ್ಯವಹಾರವೂ ಶಾಖೆಯ ಲೆಡ್ಜರಿನಲ್ಲಿಯೇ ನಡೆಯುತ್ತಿತ್ತು. ಹಲವು ವಿಲೀನಗಳ ನಂತರ ಅದು 2025ರ ಮೇ 1ರಿಂದ, ಬಳ್ಳಾರಿಯಲ್ಲಿಯೇ ಪ್ರಧಾನ ಕಚೇರಿ ಹೊಂದಿರುವ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗವಾಗಿದೆ. ಈ ನಡುವೆ 2005ರಲ್ಲಿ ನೆಫ್ಟ್, 2010ರಲ್ಲಿ ಐಎಂಪಿಎಸ್ ಹಾಗೂ 2016ರಲ್ಲಿ ಯುಪಿಐ ಜಾರಿಗೆ ಬಂದವು. ವಿಲೀನವಾದಾಗ ಶಾಖೆಯ ಐಎಫ್‌ಎಸ್‌ಸಿ ಸಂಕೇತ ಬದಲಾಗುವುದುಂಟು. ಹಳೆಯ ಪಾಸ್‌ಬುಕ್ ನೋಡಿ ಅರ್ಜಿ ತುಂಬಬೇಡಿ.

ರೈತರನ್ನು ಹೆಚ್ಚು ಗೊಂದಲಕ್ಕೀಡು ಮಾಡುವ ವಿಷಯ ಆಧಾರ್ ಜೋಡಣೆ. ಆಧಾರ್ ಆಧಾರಿತ ಪಾವತಿಯಲ್ಲಿ ನೀವು ಅರ್ಜಿಯಲ್ಲಿ ಬರೆದ ಖಾತೆ ಸಂಖ್ಯೆ ಲೆಕ್ಕಕ್ಕೆ ಬರುವುದಿಲ್ಲ. ಆಧಾರ್ ಸಂಖ್ಯೆಯೇ ವಿಳಾಸ. ಒಂದು ಆಧಾರ್‌ಗೆ ಒಂದೇ ಬ್ಯಾಂಕ್ ಜೋಡಣೆಯಾಗಿರುತ್ತದೆ, ಕೊನೆಯದಾಗಿ ಜೋಡಿಸಿದ ಬ್ಯಾಂಕಿಗೇ ಹಣ ಹೋಗುತ್ತದೆ. ಎಂದೋ ತೆರೆದು ಮರೆತ ಖಾತೆಯಲ್ಲಿ ಪಿಎಂ-ಕಿಸಾನ್ ಕಂತು ಜಮೆಯಾಗಿದ್ದರೂ ‘ಹಣ ಬಂದಿಲ್ಲ’ ಎಂದು ರೈತ ಸಂಪರ್ಕ ಕೇಂದ್ರಕ್ಕೆ ಅಲೆಯುವವರಿದ್ದಾರೆ. ಖಾತೆಗೆ ಆಧಾರ್ ಪ್ರತಿ ಕೊಟ್ಟ ಮಾತ್ರಕ್ಕೆ ಈ ಜೋಡಣೆ ಆಗುವುದಿಲ್ಲ. ಅದಕ್ಕೆ ಬ್ಯಾಂಕಿನಲ್ಲಿ ಪ್ರತ್ಯೇಕ ಒಪ್ಪಿಗೆ ನೀಡಬೇಕು. ನಿಮ್ಮ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದನ್ನು ‘ಮೈ ಆಧಾರ್’ ಜಾಲತಾಣದಲ್ಲಿ ನೋಡಬಹುದು. ವಿಸ್ತರಣಾ ಕಾರ್ಯಕರ್ತರು ದೂರು ಸ್ವೀಕರಿಸುವ ಮೊದಲು ಇದನ್ನು ಪರಿಶೀಲಿಸಿದರೆ ಅರ್ಧ ಕೆಲಸ ಮುಗಿದಂತೆ.

ಇನ್ನು ಮುಂದೆ ಸಾಲವೂ ಇದೇ ಹಾದಿ ಹಿಡಿಯಲಿದೆ. ಕಿಸಾನ್ ಕ್ರೆಡಿಟ್ ಕಾರ್ಡ್ ಸಾಲವನ್ನು ಡಿಜಿಟಲ್ ಆಗಿ ಮಂಜೂರು ಮಾಡುವ ರಿಸರ್ವ್ ಬ್ಯಾಂಕಿನ ಪ್ರಯೋಗ 2022ರಲ್ಲಿ ಆರಂಭವಾಯಿತು. ಇಂತಹ ವ್ಯವಸ್ಥೆಯಲ್ಲಿ ಬ್ಯಾಂಕು ಭೂ ದಾಖಲೆಯನ್ನು ಗಣಕದಲ್ಲಿಯೇ ಪರಿಶೀಲಿಸುತ್ತದೆ. ಆದುದರಿಂದ ಪಹಣಿ, ಆಧಾರ್ ಮತ್ತು ಫ್ರೂಟ್ಸ್ ಗುರುತಿನ ಸಂಖ್ಯೆಯಲ್ಲಿ ಹೆಸರು ಒಂದೇ ರೀತಿ ಇರಬೇಕು. ಬೆಳೆ ಸಮೀಕ್ಷೆಯಲ್ಲಿ ನೀವು ಬೆಳೆದ ಬೆಳೆಯೇ ದಾಖಲಾಗಿರಬೇಕು. ತೀರಿಕೊಂಡ ತಂದೆಯ ಹೆಸರಿನಲ್ಲಿಯೇ ಪಹಣಿ ಉಳಿದಿದ್ದರೆ ಮೊದಲು ಪೌತಿ ಖಾತೆ ಮಾಡಿಸಿಕೊಳ್ಳಿ. ಗೇಣಿಗೆ ಉಳುವವರ ಹೆಸರು ಪಹಣಿಯಲ್ಲಿ ಇರುವುದೇ ಅಪರೂಪ. ಅವರ ಈ ತೊಂದರೆಯನ್ನು ಯಾವ ಆ್ಯಪ್ ಕೂಡ ಬಗೆಹರಿಸದು ಎಂಬುದನ್ನು ಒಪ್ಪಿಕೊಳ್ಳಬೇಕು.

ಬಾಳೆಗೊನೆಯ ಮುಂಗಡ ಕಳುಹಿಸುವುದಾಗಿ ಹೇಳಿ ಯಾರಾದರೂ ಕ್ಯೂಆರ್ ಸಂಕೇತ ಕಳುಹಿಸಿ ಪಿನ್ ಒತ್ತಲು ಹೇಳಿದರೆ ಅದು ವಂಚನೆ. ಹಣ ಪಡೆಯಲು ಪಿನ್ ಬೇಕಿಲ್ಲ. ಬೆರಳಚ್ಚಿನಿಂದ ಹಣ ತೆಗೆಯುವವರು ಪ್ರತಿ ಬಾರಿ ರಸೀದಿ ಪಡೆಯಬೇಕು. ಬಳಸದಿರುವಾಗ ಆಧಾರ್ ಬೆರಳಚ್ಚನ್ನು ಲಾಕ್ ಮಾಡಿಡುವ ಸೌಲಭ್ಯವೂ ಇದೆ. ಹಣ ಹೋದದ್ದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಿ ಮತ್ತು ಬ್ಯಾಂಕಿಗೆ ತಿಳಿಸಿ ದೂರಿನ ಸಂಖ್ಯೆ ಪಡೆಯಿರಿ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯಂತೆ, ನಿಮ್ಮದಾಗಲೀ ಬ್ಯಾಂಕಿನದಾಗಲೀ ತಪ್ಪಿಲ್ಲದೆ ಹಣ ಹೋಗಿದ್ದಲ್ಲಿ, ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟದ ಹೊಣೆ ನಿಮ್ಮ ಮೇಲಿರುವುದಿಲ್ಲ. ಪಿನ್ ಅನ್ನು ನೀವೇ ಹೇಳಿಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದೇ.