ಐಬಿಎಂ ಐ ಗಣಕಗಳಲ್ಲಿ ಯೂನಿಕ್ಸ್ ಮಾದರಿಯ ಶೆಲ್‌ಗಳು

ಅಮೆರಿಕದ ಮಿನ್ನೆಸೋಟಾ ರಾಜ್ಯದ ರಾಚೆಸ್ಟರ್‌ನಲ್ಲಿ ರೂಪುಗೊಂಡು 1988ರ ಜೂನ್‌ನಲ್ಲಿ ಬಿಡುಗಡೆಯಾದ ಎಎಸ್/400, ಮಧ್ಯಮ ಗಾತ್ರದ ವಾಣಿಜ್ಯ ಗಣಕ. 2008ರಿಂದ ಅದರ ಕಾರ್ಯಾಚರಣ ವ್ಯವಸ್ಥೆಗೆ ಐಬಿಎಂ ಐ ಎಂಬ ಹೆಸರಿದೆ. ಸಿಸ್ಟಂ/38ರ ವಿನ್ಯಾಸವನ್ನು ಮುಂದುವರಿಸಿದ ಈ ಗಣಕಕ್ಕೂ ಯೂನಿಕ್ಸ್‌ಗೂ ಮೊದಲಿಗೆ ಯಾವ ನಂಟೂ ಇರಲಿಲ್ಲ. ಡೈರೆಕ್ಟರಿಗಳ ಜಾಗದಲ್ಲಿ ಲೈಬ್ರರಿಗಳಿದ್ದವು. ಆಬ್ಜೆಕ್ಟ್‌ನ ಹೆಸರು ಹತ್ತು ಅಕ್ಷರ ಮೀರುವಂತಿರಲಿಲ್ಲ. ಆದೇಶ ಕೊಡಲು ಸಿಎಲ್ ಎಂಬ ಅದರದೇ ಭಾಷೆಯಿತ್ತು.

ಈ ಯಂತ್ರದ ನಿಜವಾದ ಹೆಚ್ಚುಗಾರಿಕೆ ಹಳೆಯ ಪ್ರೋಗ್ರಾಂಗಳನ್ನು ಕೈಬಿಡದಿರುವುದು. ಪ್ರೋಗ್ರಾಂಗಳು ನೇರವಾಗಿ ಪ್ರೊಸೆಸರನ್ನು ನಂಬಿ ನಿಲ್ಲದೆ, ಟಿಐಎಂಐ ಎಂಬ ಮಧ್ಯದ ಪದರವನ್ನು ಆಧರಿಸುತ್ತವೆ. 1995ರಲ್ಲಿ ಐಬಿಎಂ 48 ಬಿಟ್‌ನ ಪ್ರೊಸೆಸರ್ ಬಿಟ್ಟು 64 ಬಿಟ್‌ನ ಪವರ್‌ಪಿಸಿಗೆ ಬಂದಾಗ, ಮಧ್ಯಂತರ ರೂಪವನ್ನು ಉಳಿಸಿಕೊಂಡಿದ್ದ ಪ್ರೋಗ್ರಾಂಗಳನ್ನು ಮೂಲ ಕೋಡ್ ಇಲ್ಲದೆಯೂ ಹೊಸ ಯಂತ್ರಕ್ಕೆ ಮರುಭಾಷಾಂತರಿಸಬಹುದಾಗಿತ್ತು. ಉದ್ಯಮಗಳು ಈ ಗಣಕವನ್ನು ದಶಕಗಟ್ಟಲೆ ನೆಚ್ಚಿಕೊಂಡಿದ್ದಕ್ಕೆ ಇದೊಂದು ದೊಡ್ಡ ಕಾರಣ.

ಯೂನಿಕ್ಸ್‌ಗೆ ಬಾಗಿಲು ತೆರೆದದ್ದು 1994ರ ವಿ3ಆರ್1 ಆವೃತ್ತಿಯಲ್ಲಿ ಬಂದ ಐಎಫ್‌ಎಸ್ ಎಂಬ ಫೈಲ್ ವ್ಯವಸ್ಥೆ. ಇದರಿಂದ ಹಳೆಯ ಲೈಬ್ರರಿಗಳೂ ಯೂನಿಕ್ಸ್ ರೀತಿಯ ಡೈರೆಕ್ಟರಿಗಳೂ ಒಂದೇ ಮರದ ಕೊಂಬೆಗಳಾದವು. 1998ರ ಹೊತ್ತಿಗೆ ಬಂದ ಕ್ಯೂಶೆಲ್ ಪೋಸಿಕ್ಸ್ ಮಾನದಂಡದ ಜಾಡಿನಲ್ಲಿ ನಡೆಯುವ ಶೆಲ್. ಆದರೆ ಅದು ಯಂತ್ರದ ಸ್ವಂತ ಪ್ರೋಗ್ರಾಂ. ಅಕ್ಷರಗಳನ್ನು ಎಬ್ಸಿಡಿಕ್ ಸಂಕೇತದಲ್ಲೇ ನೋಡುತ್ತದೆ. ಯೂನಿಕ್ಸ್ ಬಳಸುವ ಆಸ್ಕಿ ಸಂಕೇತದಲ್ಲಿ ದೊಡ್ಡ 'ಎ'ಯ ಸಂಖ್ಯೆ 65, ಎಬ್ಸಿಡಿಕ್‌ನಲ್ಲಿ 193. ಆಸ್ಕಿಯಲ್ಲಿ ಅಂಕಿಗಳು ಅಕ್ಷರಗಳಿಗಿಂತ ಮೊದಲು, ಎಬ್ಸಿಡಿಕ್‌ನಲ್ಲಿ ಕೊನೆಗೆ. ಹಾಗಾಗಿ ಸಂಕೇತಸಂಖ್ಯೆಯ ಕ್ರಮದಲ್ಲಿ ಜೋಡಿಸಿದರೆ ಅದೇ ಪಟ್ಟಿ ಇಲ್ಲಿ ಒಂದು ರೀತಿ, ಅಲ್ಲಿ ಇನ್ನೊಂದು ರೀತಿ ಬರುತ್ತದೆ. ಪ್ರತಿ ಫೈಲಿಗೂ ಸಿಸಿಎಸ್‌ಐಡಿ ಎಂಬ ಸಂಕೇತ ಗುರುತು ಅಂಟಿರುತ್ತದೆ. 'ಟಚ್' ಆದೇಶದಿಂದ ಆಸ್ಕಿ ಮಾದರಿಯ ಸಂಕೇತವನ್ನು ಸೂಚಿಸುವ 819 ಎಂಬ ಗುರುತಿನ ಖಾಲಿ ಫೈಲು ಮಾಡಿಟ್ಟು, ಆಮೇಲೆ ಅದರೊಳಗೆ ಬರೆಯುವುದನ್ನು ಅನುಭವಿಗಳು ರೂಢಿ ಮಾಡಿಕೊಂಡಿದ್ದಾರೆ.

2000ದ ವಿ4ಆರ್5ರೊಂದಿಗೆ ನೆಲೆಗೊಂಡ ಪೇಸ್ ಎಂಬ ಪರಿಸರ ಹಿಡಿದದ್ದು ಬೇರೆಯೇ ದಾರಿ. ಐಬಿಎಂನ ಯೂನಿಕ್ಸ್ ಆದ ಎಐಎಕ್ಸ್‌ಗೆ ಕಂಪೈಲ್ ಮಾಡಿದ ಪ್ರೋಗ್ರಾಂಗಳು ಇಲ್ಲಿ ಟಿಐಎಂಐ ಪದರವನ್ನು ದಾಟಿ ನೇರವಾಗಿ ಪ್ರೊಸೆಸರಿನ ಮೇಲೆ ಓಡುತ್ತವೆ. ಎಐಎಕ್ಸ್ ಕರ್ನಲ್ ಇರುವುದಿಲ್ಲ. ಅದರ ಸಿಸ್ಟಂ ಕಾಲ್‌ಗಳಲ್ಲಿ ಒಂದು ಭಾಗವನ್ನು ಐಬಿಎಂ ಐ ತಾನೇ ನಿಭಾಯಿಸುತ್ತದೆ. ವೇಗವೂ ಸಿದ್ಧ ತಂತ್ರಾಂಶಗಳ ಸಂಪತ್ತೂ ಸಿಕ್ಕವು, ನಿಜ. ಆದರೆ ಟಿಐಎಂಐ ಕೊಡುತ್ತಿದ್ದ ಅಭಯ ಈ ಪ್ರೋಗ್ರಾಂಗಳಿಗಿಲ್ಲ. ವಿ5ಆರ್3ರ ಪೇಸ್ ಎಐಎಕ್ಸ್ 5.2ನ್ನು, ವಿ5ಆರ್4ರದು 5.3ನ್ನು, ಐಬಿಎಂ ಐ 7.1ರದು ಎಐಎಕ್ಸ್ 6.1ನ್ನು ಆಧರಿಸಿವೆ. ಹಳೆಯ ಎಐಎಕ್ಸ್‌ನಲ್ಲಿ ಕಂಪೈಲ್ ಆದದ್ದು ಸಾಮಾನ್ಯವಾಗಿ ಹೊಸ ಪೇಸ್‌ನಲ್ಲಿ ಓಡುತ್ತದೆ. ಹೊಸದರಲ್ಲಿ ಕಂಪೈಲ್ ಆದದ್ದು ಹಳೆಯದರಲ್ಲಿ ಓಡುತ್ತದೆಂಬ ಭರವಸೆಯಿಲ್ಲ. ಹಲವು ಆವೃತ್ತಿಗಳ ಗ್ರಾಹಕರಿರುವವರು ಅವುಗಳಲ್ಲಿ ಅತಿ ಹಳೆಯದಕ್ಕೆ ಹೊಂದುವ ಎಐಎಕ್ಸ್‌ನಲ್ಲೇ ಕಂಪೈಲ್ ಮಾಡುವುದು ಕ್ಷೇಮ.

2018ರಲ್ಲಿ ಐಬಿಎಂ ಪೇಸ್‌ಗಾಗಿ ಆರ್‌ಪಿಎಂ ಪ್ಯಾಕೇಜುಗಳನ್ನೂ ಅವನ್ನು ಸ್ಥಾಪಿಸುವ ಯಮ್ ಸಾಧನವನ್ನೂ ತಂದಿತು. ಅವುಗಳಿಗೆ ಐಬಿಎಂ ಐ 7.2 ಅಥವಾ ಅದರ ನಂತರದ ಆವೃತ್ತಿ ಬೇಕಾಗಿತ್ತು. ಬ್ಯಾಷ್, ಪೈಥಾನ್ ಮುಂತಾದವು ತಮ್ಮದೇ ಡೈರೆಕ್ಟರಿಯಲ್ಲಿ ಕೂರುವುದರಿಂದ ಪೇಸ್‌ನಲ್ಲಿ ಮೊದಲಿನಿಂದಿದ್ದ ಕಾರ್ನ್ ಶೆಲ್‌ನ ಹಳೆಯ ಸ್ಕ್ರಿಪ್ಟ್‌ಗಳಿಗೆ ಧಕ್ಕೆಯಾಗಲಿಲ್ಲ. ಆದರೆ ಈಗ ಒಂದೇ ಯಂತ್ರದಲ್ಲಿ 'ಎಲ್‌ಎಸ್' ಆದೇಶ ಮೂರು ಕಡೆ ಇರಬಹುದು: ಕ್ಯೂಶೆಲ್‌ನದು, ಪೇಸ್‌ನದು, ಆರ್‌ಪಿಎಂನದು. ಮೂರರ ಆಯ್ಕೆಗಳೂ ಒಂದೇ ತೆರನಲ್ಲ. ಯಾವುದು ಓಡಬೇಕೆಂದು ತೀರ್ಮಾನಿಸುವುದು ಯಾವ ಶೆಲ್‌ನಲ್ಲಿದ್ದೇವೆ, ಪಾಥ್ ಪಟ್ಟಿಯಲ್ಲಿ ಯಾವ ಡೈರೆಕ್ಟರಿ ಮುಂದಿದೆ ಎಂಬುದು. ಹಾಗಾಗಿ ಪಾಥ್ ಅನ್ನು ಸ್ಕ್ರಿಪ್ಟ್‌ನ ಆರಂಭದಲ್ಲೇ ಬರೆದಿಡುವುದು ಒಳ್ಳೆಯದು.