ಗೌಡ್ರು, ಪಟೇಲ್ರು ಮತ್ತು ನಮ್ಮ ಕೃಷ್ಣಪ್ಪ

ಭಾನುವಳ್ಳಿಯ ಚಾದಂಗಡಿ ಮುಂದೆ ಒಂದು ಸಂಜೆ ಕೂತರೆ ಸಾಕು, ಕರ್ನಾಟಕದ ಐವತ್ತು ವರ್ಷದ ರಾಜಕೀಯ ಕಿವಿಗೆ ಬೀಳುತ್ತದೆ. 'ಗೌಡ್ರು ಪ್ರಧಾನಿ ಆದಾಗ', 'ಪಟೇಲ್ರು ದಾವಣಗೆರೆ ಜಿಲ್ಲೆ ಮಾಡಿದಾಗ', 'ಹೆಗಡೆಯವರ ಕಾಲ್ದಾಗ', 'ಅರಸು ಭೂಮಿ ಕೊಡಿಸಿದಾಗ'. ದೇವೇಗೌಡ, ಜೆ.ಎಚ್. ಪಟೇಲ್, ರಾಮಕೃಷ್ಣ ಹೆಗಡೆ, ದೇವರಾಜ ಅರಸು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಬೇಕಾಗಿಯೂ ಇಲ್ಲ. ಅವರ ಸ್ವಂತ ಹೆಸರು ಜೇಬಿನೊಳಗೆ ಭದ್ರವಾಗಿರುತ್ತದೆ. ಜನ ಕರೆಯುವುದು ಜಾತಿಯನ್ನು, ಹುದ್ದೆಯನ್ನು, ಮನೆತನವನ್ನು.

ಅದೇ ಬಾಯಲ್ಲಿ ಬಿ. ಬಸವಲಿಂಗಪ್ಪನವರ ಮಾತು ಬಂದರೆ 'ಬಸವಲಿಂಗಪ್ಪ' ಅಂತಾರೆ. ನಮ್ಮ ಹರಿಹರದಲ್ಲೇ ಹುಟ್ಟಿದ ಪ್ರೊ. ಬಿ. ಕೃಷ್ಣಪ್ಪನವರ ಮಾತು ಬಂದರೆ 'ಕೃಷ್ಣಪ್ಪ' ಅಂತಾರೆ. ಯಾಕೆ ಹೀಗೆ ಎಂದು ಕೇಳಿದರೆ ಸಿಗುವ ಉತ್ತರ ಒಂದೇ: 'ಪ್ರೀತಿ ಇದ್ದೋರ್ನ ಹೆಸ್ರಿಡಿದು ಕರೀತಾರಪ್ಪ.' ಇದು ಅರ್ಧ ನಿಜ. ಉಳಿದರ್ಧವನ್ನು ಹೇಳಲೆಂದೇ ನಾವು ಇದನ್ನು ಬರೆಯುತ್ತಿದ್ದೇವೆ.

ಗೆಳೆಯರೆ, ಕನ್ನಡ ನಾಡಿನ ಬಹುಪಾಲು ಜನಕ್ಕೆ ಮನೆತನದ ಹೆಸರೇ ಇಲ್ಲ. ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ, ಆಮೇಲೆ ಇಟ್ಟ ಹೆಸರು. ಯಡಿಯೂರಪ್ಪ ಎಂಬುದೂ ಇಟ್ಟ ಹೆಸರೇ, ಸಿದ್ದರಾಮಯ್ಯ ಎಂಬುದೂ ಇಟ್ಟ ಹೆಸರೇ. ಹಾಗಾಗಿ ಯಾರನ್ನು ಹೆಸರು ಹಿಡಿದು ಕರೀತಾರೆ ಎನ್ನುವುದಕ್ಕಿಂತ, ಹೆಸರು ಹಿಡಿಸಿಕೊಳ್ಳದೆ ತಪ್ಪಿಸಿಕೊಂಡವರು ಯಾರು ಎಂದು ಕೇಳಿದರೆ ಚರಿತ್ರೆ ಬಾಯಿಬಿಡುತ್ತದೆ.

ಪಟೇಲ ಎಂಬುದನ್ನೇ ತೆಗೆದುಕೊಳ್ಳಿ. ಅದು ಹೆಸರಲ್ಲ, ಹುದ್ದೆ. ಊರಿನ ಕಂದಾಯ ಎತ್ತುವವನು ಪಟೇಲ, ಲೆಕ್ಕ ಬರೆಯುವವನು ಶಾನುಭೋಗ. ಅವರ ಕೈಕೆಳಗೆ ತಳವಾರ, ತೋಟಿ, ನೀರಗಂಟಿ. ಎಲ್ಲವೂ ವಂಶಪಾರಂಪರ್ಯ. ಪಟೇಲನ ಮಗ ಪಟೇಲ, ತೋಟಿಯ ಮಗ ತೋಟಿ. 1961ರಲ್ಲಿ ಬಂದ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಮೇಲಿನವರನ್ನೂ ಕೆಳಗಿನವರನ್ನೂ ಒಂದೇ ಏಟಿಗೆ ತೆಗೆದುಹಾಕಿತು. ಕಾನೂನಿನ ಕಣ್ಣಲ್ಲಿ ಪಟೇಲನೂ ಇಲ್ಲ, ತೋಟಿಯೂ ಇಲ್ಲ. ಆದರೆ ಆದದ್ದೇನು? ಪಟೇಲಗಿರಿ ಹೋಯ್ತು, 'ಪಟೇಲ್ರು' ಉಳಿದರು. ಹುದ್ದೆ ಹೋಗಿ ಹೆಸರಾಯಿತು, ಹೆಸರು ಮರ್ಯಾದೆಯಾಯಿತು, ಮರ್ಯಾದೆ ಮತವೂ ಆಯಿತು. ತೋಟಿಯ ಹುದ್ದೆಯೂ ಹೋಯ್ತು. ಆದರೆ 'ತೋಟಿಯವರು ದಯಮಾಡಿ ವೇದಿಕೆಗೆ ಬರಬೇಕು' ಎಂದು ಮೈಕಿನಲ್ಲಿ ಕರೆದದ್ದನ್ನು ನಾವಂತೂ ಕೇಳಿಲ್ಲ. ಒಂದೇ ಕಾಯ್ದೆಯಲ್ಲಿ ಸತ್ತ ಎರಡು ಹುದ್ದೆಗಳಲ್ಲಿ ಒಂದಕ್ಕೆ ಸಮಾಧಿ, ಇನ್ನೊಂದಕ್ಕೆ ಪಟ್ಟ.

ಜೆ.ಎಚ್. ಪಟೇಲರ ಮೇಲೆ ನಮ್ಮ ತಕರಾರಿಲ್ಲ. ಲೋಹಿಯಾ ಹಾದಿಯ ಸಮಾಜವಾದಿ ಅವರು. 1967ರಲ್ಲಿ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲೇ ಮಾತಾಡಿದವರು. 1997ರಲ್ಲಿ ನಮಗೆ ಜಿಲ್ಲೆ ಮಾಡಿಕೊಟ್ಟವರು. ಆದರೆ ಅಂಥ ಸಮಾಜವಾದಿಗೂ ಊರು 'ಜಯದೇವಪ್ಪ' ಎನ್ನಲಿಲ್ಲ, ಪಟೇಲ್ರು ಎಂದೇ ಎಂದಿತು. ಮನುಷ್ಯ ಬಿಟ್ಟರೂ ಊರು ಬಿಡುವುದಿಲ್ಲ.

ಇನ್ನು ನಮ್ಮ ಕಡೆಯ ಹೆಸರುಗಳ ಪಾಡು. ಊರೊಳಗಿನ ಹನುಮಪ್ಪ 'ಹನುಮಪ್ನೋರು'. ಕೇರಿಯ ಹನುಮಪ್ಪ 'ಹನ್ಮ'. ದುರುಗಪ್ಪ 'ದುರುಗ', ಕೆಂಚಪ್ಪ 'ಕೆಂಚ', ದುರುಗಮ್ಮ 'ದುರುಗಿ'. ಭದ್ರಾ ನಾಲೆಯ ನೀರು ಕುಡಿದ ಗದ್ದೆಯಲ್ಲಿ ನಾಟಿ ಹಚ್ಚುವ ಎಪ್ಪತ್ತರ ಮುದುಕನಿಗೆ ಹದಿನಾಲ್ಕರ ಹುಡುಗ ಬದುವಿನ ಮೇಲೆ ನಿಂತು 'ಬಾರಲೇ' ಅಂತಾನೆ. ಮುದುಕ 'ಬಂದೆ ಸಾವ್ಕಾರ್ರೆ' ಅಂತಾನೆ. ಇಲ್ಲಿ ಹೆಸರು ತಪ್ಪಲ್ಲ, ಹೆಸರಿನ ಬಾಲ ಕತ್ತರಿಸಿರುವುದು ತಪ್ಪು. ಅಪ್ಪನನ್ನು, ಅಮ್ಮನನ್ನು ಕಿತ್ತುಕೊಂಡು ಮೊಂಡು ಹೆಸರನ್ನು ಕೇರಿಗೆ ಎಸೆದಿದ್ದಾರೆ. 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಜಾತಿ ಹೆಸರು ಹಿಡಿದು ಜನರೆದುರು ಬೈದರೆ ಅಪರಾಧ ಎಂದು 2015ರ ತಿದ್ದುಪಡಿ ಬಿಚ್ಚಿ ಬರೆದೂ ಇದೆ. ಆದರೆ ದುರುಗಪ್ಪನ 'ಅಪ್ಪ'ನನ್ನು ಕದ್ದವನ ಮೇಲೆ ಯಾವ ಸೆಕ್ಷನ್ ಹಾಕೋಣ?

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವರು ನಾವೇ ಮೊದಲು. ಒಂದನೇ ಇಯತ್ತೆಗೆ ಸೇರಿಸುವಾಗ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಅಪ್ಪನ ಹೆಸರನ್ನು ಊರು ಕರೆದ ಹಾಗೇ ಬರೆದುಕೊಂಡರು. ಅಪ್ಪನಿಗೆ ಅದು ತಪ್ಪು ಅನ್ನಿಸಲಿಲ್ಲ. ಅವನನ್ನು ಯಾರೂ ಬೇರೆ ಥರ ಕರೆದೇ ಇರಲಿಲ್ಲ. ಆ ಮೊಂಡು ಹೆಸರು ಅಂಕಪಟ್ಟಿಗೆ ಬಂತು, ಅಂಕಪಟ್ಟಿಯಿಂದ ಕಾಲೇಜಿಗೆ ಬಂತು. ತಿದ್ದಿಸೋಣ ಎಂದರೆ ಅಫಿಡವಿಟ್ಟು, ನೋಟರಿ, ಅಲೆದಾಟ. 'ಇರ್ಲಿ ಬಿಡು, ನಿನ್ ಹೆಸ್ರು ಪೂರ್ತಿ ಐತಲ್ಲ' ಅಂದ ಅಪ್ಪ. ನಮಗೆ ಅವತ್ತು ಉಣ್ಣಲಾಗಲಿಲ್ಲ.

ಬಾಲದ ಮಹತ್ವ ಹನ್ನೆರಡನೇ ಶತಮಾನದ ಶರಣರಿಗೆ ಗೊತ್ತಿತ್ತು. ಚೆನ್ನಯ್ಯ, ಕಕ್ಕಯ್ಯ, ಹರಳಯ್ಯ. ಎಲ್ಲರಿಗೂ 'ಅಯ್ಯ' ಕೊಟ್ಟರು. ಅದು ಸಣ್ಣ ಮಾತಲ್ಲ. ಆದರೆ ಮುಂದಿನವರು ಮಾಡಿದ್ದನ್ನು ನೋಡಿ: ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ ಎಂದೇ ಇವತ್ತಿಗೂ ಪಾಠ ಹೇಳುತ್ತಾರೆ. ಬ್ರಾಹ್ಮಣ ಬಸವಣ್ಣ ಎಂದು ಬರೆದ ಪಠ್ಯವನ್ನು ನಾವು ಕಂಡಿಲ್ಲ. ಹಿಂದಿನ ಬಾಲ ಸಿಕ್ಕಿದರೆ ಮುಂದೆ ಮೂಗುದಾರ!

ಪಕ್ಕದ ತಮಿಳುನಾಡಿನಲ್ಲಿ ಬೇರೆ ದಾರಿ ಹಿಡಿದರು. 1929ರಲ್ಲಿ ಚೆಂಗಲ್ಪಟ್ಟಿನಲ್ಲಿ ಸೇರಿದ ಸ್ವಾಭಿಮಾನ ಚಳವಳಿಯ ಸಮ್ಮೇಳನ, ಹೆಸರಿನಿಂದ ಜಾತಿಯನ್ನು ಕಿತ್ತೊಗೆಯಿರಿ ಎಂದು ಠರಾವು ಮಾಡಿತು. ಪೆರಿಯಾರ್ ತಮ್ಮ 'ನಾಯ್ಕರ್' ಬಿಟ್ಟರು. ಅಲ್ಲಿ ಮೇಲಿನವರೂ ಬರೀ ಹೆಸರಿಗೆ ಇಳಿಯಬೇಕಾಯಿತು. ಹಾಗೆಂದು ಅಲ್ಲಿ ಜಾತಿ ಸತ್ತಿಲ್ಲ, ಅದು ನಮಗೆ ಗೊತ್ತು. ಆದರೆ ನಮ್ಮಲ್ಲಿ ಇಳಿಯುವ ಮಾತನ್ನೂ ಯಾರೂ ಆಡಲಿಲ್ಲ. ಇದ್ದ ಬರೀ ಹೆಸರನ್ನು ಹೊತ್ತುಕೊಂಡೇ ನಮ್ಮವರು ವಿಧಾನಸೌಧದ ಮೆಟ್ಟಿಲು ಹತ್ತಬೇಕಾಯಿತು.

ಬಸವಲಿಂಗಪ್ಪನವರು ಹಾಗೆ ಹತ್ತಿದವರು. ಅರಸು ಸರ್ಕಾರದಲ್ಲಿ ಮಂತ್ರಿಯಾಗಿ ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಹೊರಟವರು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಭಾಗ ಬೂಸಾ ಎಂದರು. ನಾಡಿಗೇ ಬೆಂಕಿ ಬಿತ್ತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಮಂತ್ರಿಗಿರಿ ಹೋಯಿತು. ಅದೇ ಮಾತನ್ನು ಯಾರಾದರೂ 'ಗೌಡ್ರು' ಆಡಿದ್ದರೆ ನಾಲ್ಕು ದಿನ ಸಂಪಾದಕರಿಗೆ ಪತ್ರಗಳು ಬಂದು ತಣ್ಣಗಾಗುತ್ತಿತ್ತು ಎಂಬುದು ನಮ್ಮ ಅನಿಸಿಕೆ.

ಪ್ರೀತಿಯ ಮಾತಿಗೆ ಬರೋಣ. 1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಒಂದು ಕಡೆ ವೀರೇಂದ್ರ ಪಾಟೀಲರು, ಇನ್ನೊಂದು ಕಡೆ ಇಂದಿರಮ್ಮ. ಗಾಂಧಿ ಎಂದರೆ ಆಗಲೇ ಒಬ್ಬರಿದ್ದರು, ಅದಕ್ಕೆ ಪತ್ರಿಕೆಗಳಿಗೆ ಆಕೆ 'ಇಂದಿರಾ'. ಹೆಣ್ಣಾದ್ದರಿಂದ ಇನ್ನಷ್ಟು ಸಲೀಸು. ಆದರೆ ಕೇರಿಯ ಹೆಂಗಸರು ಅದಕ್ಕೊಂದು 'ಅಮ್ಮ' ಸೇರಿಸಿದರು. 1975ರ ತುರ್ತು ಪರಿಸ್ಥಿತಿಯನ್ನು ಮರೆತು ಈ ಮಾತು ಹೇಳುತ್ತಿಲ್ಲ. ನಮಗೆ ಬೆರಗು ಬೇರೆ: ತಮ್ಮನ್ನು ದುರುಗಿ, ಕೆಂಚಿ ಎಂದು ಕರೆಯುವ ಊರಲ್ಲಿ ಬಾಳಿದ ಆ ಹೆಂಗಸರು, ತಮಗೆ ಯಾರೂ ಕೊಡದ 'ಅಮ್ಮ'ನನ್ನು ದಿಲ್ಲಿಯವಳಿಗೆ ಕೈಯೆತ್ತಿ ಕೊಟ್ಟರಲ್ಲ! ಕೆಳಗಿನಿಂದ ಮೇಲಕ್ಕೆ ಹೋಗುವ ಹೆಸರಿಗೆ ಬಾಲ ಬೆಳೆಯುತ್ತದೆ. ಮೇಲಿನಿಂದ ಕೆಳಕ್ಕೆ ಬರುವ ಹೆಸರಿನದು ಉದುರುತ್ತದೆ.

ಕೆಳಗಿನಿಂದ ಬಂದವರ ಬಾಯಿಗೂ ಈ ರೂಢಿ ಹತ್ತಿದೆ ಎನ್ನುವುದನ್ನು ಮುಚ್ಚಿಡಬಾರದು. 2024ರ ಜನವರಿಯಲ್ಲಿ ಪಕ್ಕದ ಚಿತ್ರದುರ್ಗದಲ್ಲಿ ನಡೆದ ಶೋಷಿತರ ಸಮಾವೇಶದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರ ಪರವಾಗಿಯೇ ಮಾತಾಡುತ್ತ ಏಕವಚನ ಬಳಸಿದರು. ಗದ್ದಲವಾಯಿತು, ಅವರು ವಿಷಾದ ಹೇಳಿದರು. ಹಳ್ಳಿ ಮಾತು, ಬಾಯಿತಪ್ಪು, ಒಪ್ಪೋಣ. ಆದರೆ ಹಳ್ಳಿ ಮಾತಿನ ಏಕವಚನ ಯಾಕೆ ಯಾವಾಗಲೂ ಹೆಣ್ಣಿನ ಕಡೆಗೆ, ಆದಿವಾಸಿಯ ಕಡೆಗೆ, ಕೇರಿಯ ಕಡೆಗೇ ತಪ್ಪುತ್ತದೆ? ಗದ್ದಲ ಎಬ್ಬಿಸಿದ ಬಾಯಿಗಳು ತಮ್ಮ ತೋಟದ ಆಳನ್ನು ಬಹುವಚನದಲ್ಲಿ ಕರೀತಾವೇನು? ಇನ್ನೊಂದು ಸಂಗತಿ: ದ್ರೌಪದಿ ಎಂಬ ಹೆಸರು ಅವರ ಮನೆಯವರು ಇಟ್ಟದ್ದಲ್ಲ. ಸಂತಾಲಿ ಹೆಸರು ಬೇರೆ ಇತ್ತು, ಶಾಲೆಯ ಮೇಷ್ಟ್ರು ಬದಲಾಯಿಸಿದರು ಎಂದು ಅವರೇ ಹೇಳಿಕೊಂಡಿದ್ದಾರೆ. ಒಡಿಶಾದ ದಾಖಲಾತಿ ಪುಸ್ತಕವೂ ನಮ್ಮೂರಿನದರ ಅಣ್ಣತಮ್ಮನೇ.

ಬಾಬಾಸಾಹೇಬರ ಅಂಬೇಡ್ಕರ್ ಎಂಬುದು ಅಂಬಡವೆ ಎಂಬ ಊರಿನ ಹೆಸರಿನಿಂದ ಬಂದದ್ದು. ಊರಾಚೆ ಇಟ್ಟ ಜನದ ಮಗ ಊರಿನ ಹೆಸರನ್ನೇ ಜಗತ್ತಿಗೆ ಹೊತ್ತೊಯ್ದ. ಆದರೆ ಘೋಷಣೆ ಕೂಗುವಾಗ ನಮಗೆ ಬೇಕಾದದ್ದು 'ಭೀಮ'. ರಾವ್ ಇಲ್ಲ, ಅಪ್ಪ ಇಲ್ಲ. ಬಾಲವಿಲ್ಲದ ಹೆಸರು ಅಷ್ಟು ಎತ್ತರಕ್ಕೆ ಹೋದದ್ದು ಅಲ್ಲೊಂದೇ ಇರಬೇಕು. ಅದನ್ನು ಕತ್ತರಿಸಿದವರು ಬೇರೆಯವರಲ್ಲ, ನಾವೇ.

ಕೃಷ್ಣಪ್ಪನವರ ವಿಷಯದಲ್ಲಿ ಮಾತ್ರ ಚಳವಳಿ ಹಾಗೆ ಮಾಡಲಿಲ್ಲ. 1938ರಲ್ಲಿ ಹರಿಹರದಲ್ಲಿ ಹುಟ್ಟಿ, ಭದ್ರಾವತಿಯ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ, ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿ, 1997ರಲ್ಲಿ ತೀರಿಹೋದ ಈ ಮನುಷ್ಯನಿಗೆ ಗೌಡಿಕೆಯ ಹೆಸರಿಲ್ಲ, ಪಟೇಲಗಿರಿಯ ಹೆಸರಿಲ್ಲ. ಕರಪತ್ರ, ಗೋಡೆಬರಹ, ಬ್ಯಾನರು ಯಾವುದನ್ನೇ ನೋಡಿ, 'ಪ್ರೊ.' ಇಲ್ಲದೆ ಅವರ ಹೆಸರು ಬರುವುದು ಅಪರೂಪ. ಓದಿದವರ ಒಣಜಂಭ ಎಂದು ಕೆಲವರು ನಗುತ್ತಾರೆ. ಕೇರಿಯಿಂದ ಹೋಗಿ ಮೇಷ್ಟ್ರ ಕುರ್ಚಿಯಲ್ಲಿ ಕೂತು ಗಳಿಸಿದ ಅಕ್ಷರ ಅದು, ಯಾವ ತಾತನಿಂದಲೂ ಬಂದದ್ದಲ್ಲ.

ಹರಿಹರದ ಹೊರಗೆ ಅವರ ನೆನಪಿನ ಮೈತ್ರಿವನವಿದೆ. ಒಮ್ಮೆ ಅಲ್ಲಿ ನಮ್ಮ ಕಡೆಯ ಒಬ್ಬ ಅಜ್ಜಿ ಕಲ್ಲಿನ ಮುಂದೆ ನಿಂತು 'ನಮ್ ಕೃಷ್ಣಪ್ಪ ಇಲ್ಲೇ ಅದಾನೇನು' ಅಂದಳು. ಪ್ರೊಫೆಸರೂ ಇಲ್ಲ, ಅವರೂ ಇಲ್ಲ. ನಾವು ಯಾರೂ ಆಕೆಯನ್ನು ತಿದ್ದಲಿಲ್ಲ. ಈ ಸಲದ ಕಾರ್ಯಕ್ರಮದ ಕರಪತ್ರಕ್ಕೆ ಬರೀ 'ನಮ್ಮ ಕೃಷ್ಣಪ್ಪ' ಎಂದೇ ಹಾಕೋಣವೆಂದು ಗೆಳೆಯರೊಬ್ಬರು ಹಟ ಹಿಡಿದರು. ರಾತ್ರಿ ಹನ್ನೊಂದರ ತನಕ ಜಗಳವಾಯಿತು. ಕಡೆಗೆ 'ಪ್ರೊ.' ಇಟ್ಟುಕೊಂಡೇ ಅಚ್ಚಿಗೆ ಕಳಿಸಿದೆವು.